ಬಾಗಿಲ ಪಕ್ಕದ ಕುರ್ಚಿ

ಭಾನುವಾರ ಮಧ್ಯಾಹ್ನ ಊಟದ ತಟ್ಟೆ ತೊಳೆದಿಟ್ಟ ಮೇಲೆ ಪೊಲೀಸ್ ಕ್ವಾರ್ಟರ್ಸಿನ ಹೆಂಗಸರಿಗೆ ಒಂದು ಕೆಲಸವಿತ್ತು. ಬ್ರಿಟನ್ನಿನ ಪೊಲೀಸರನ್ನು ವಿಚಾರಣೆ ಮಾಡುವುದು.

ಮೆಟ್ಟಿಲ ಕೆಳಗೆ ಒಂದು ಉದ್ದನೆಯ ಕೋಣೆಯಿತ್ತು. ಹಿಂದೆ ಅಲ್ಲಿ ಗಲಭೆ ಹೊತ್ತಿನ ಹೆಲ್ಮೆಟ್ಟು, ಗುರಾಣಿಗಳನ್ನು ಪೇರಿಸಿಡುತ್ತಿದ್ದರು. ಈಗ ಗೋಡೆಗೆ ಒಂದು ಟೀವಿ, ಕೆಳಗೆ ಕಬ್ಬಿಣದ ಕುರ್ಚಿಗಳು. ಪ್ರತಿ ಭಾನುವಾರ ಅದರಲ್ಲಿ ಬ್ರಿಟನ್ನಿನದೊಂದು ಸೀರಿಯಲ್ ಬರುತ್ತಿತ್ತು, ಅದರಲ್ಲಿರುವವರು ಪೊಲೀಸರನ್ನೇ ಹಿಡಿಯುವ ಪೊಲೀಸರು. ತಮ್ಮವರಲ್ಲೇ ಯಾರು ಲಂಚ ತಿಂದರು, ಯಾರು ಸಾಕ್ಷಿ ಮುಚ್ಚಿಟ್ಟರು ಎಂದು ಗಾಜಿನ ಕೋಣೆಯಲ್ಲಿ ಕೂರಿಸಿ ಗಂಟೆಗಟ್ಟಲೆ ಕೇಳುತ್ತಾರೆ. ಬಿಳಿಯರ ಬಾಯಿಗೆ ನಮ್ಮ ಮಾತು ಹೊಲಿದಿದ್ದರು. ಹೊಲಿಗೆ ಸರಿಯಾಗಿ ಕೂತಿರಲಿಲ್ಲ. ತುಟಿ ಮುಚ್ಚಿದ ಮೇಲೂ ಮಾತು ಬರುತ್ತಲೇ ಇರುತ್ತಿತ್ತು.

ಹಾಗೆಂದು ಮೊದಲು ಹೇಳಿದವಳು ಸೂಜಿಯಕ್ಕ. ಇನ್ಸ್‌ಪೆಕ್ಟರರ ಹೆಂಡತಿ. ಕ್ವಾರ್ಟರ್ಸಿನ ಎಲ್ಲರ ಯೂನಿಫಾರ್ಮು ಅವಳ ಹೊಲಿಗೆ ಮಿಷನ್ನಿನ ಕೆಳಗೆ ಹಾದು ಹೋಗುತ್ತಿತ್ತು. ಯಾರಿಗೆ ಹೊಟ್ಟೆ ಬಂತು, ಯಾರ ಭುಜಕ್ಕೆ ಹೊಸ ನಕ್ಷತ್ರ ಬಂತು ಎಂಬುದು ಊರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಮಾತೂ ಸೂಜಿಯಂತೆಯೇ, ಚುಚ್ಚಿದ್ದು ಆಮೇಲೆ ತಿಳಿಯುತ್ತಿತ್ತು.

ಕೋಣೆಯಲ್ಲಿ ಗಂಡಂದಿರ ದರ್ಜೆಯ ಪ್ರಕಾರ ಕುರ್ಚಿ. ಫ್ಯಾನಿನ ಕೆಳಗಿನ ಮೆತ್ತನೆಯದು ಇನ್ಸ್‌ಪೆಕ್ಟರರಿಗೂ ಮೇಲಿನ ದೊಡ್ಡ ಸಾಹೇಬರ ಹೆಂಡತಿ ದೊಡ್ಡಕ್ಕನದು. ಬಾಗಿಲ ಪಕ್ಕದ, ಒಂದು ಕಾಲು ಕುಂಟುವ ಕುರ್ಚಿ ಕಾನ್‌ಸ್ಟೇಬಲನ ಹೆಂಡತಿಯದು. ಅವಳನ್ನು ಎಲ್ಲರೂ ಗಿಣಿ ಎನ್ನುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಅವಳ ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ.

ಕಂತು ಮುಗಿದ ಕೂಡಲೇ ಟೀವಿ ಆರಿಸಬೇಕು. ಒಬ್ಬೊಬ್ಬರೂ ತಮ್ಮ ಅಭಿಪ್ರಾಯ ಹೇಳಬೇಕು, ಅದೂ ಬಾಗಿಲ ಪಕ್ಕದ ಕುರ್ಚಿಯಿಂದ ಶುರುವಾಗಿ ಫ್ಯಾನಿನ ಕೆಳಗೆ ಬಂದು ಮುಗಿಯಬೇಕು. ಈ ನಿಯಮ ಮಾಡಿದವಳು ದೊಡ್ಡಕ್ಕನೇ. "ನಾನು ಮೊದಲು ಬಾಯಿ ಬಿಟ್ಟರೆ ನೀವೆಲ್ಲ ಕೋಲೆಬಸವನ ಹಾಗೆ ತಲೆ ಆಡಿಸ್ತೀರ. ಚಿಕ್ಕವರು ಮೊದಲು ಹೇಳಲಿ. ಅವರು ಹೇಳುವಾಗ ಮಧ್ಯೆ ಬಾಯಿ ಹಾಕಿದವರಿಗೆ ಆ ವಾರ ಚಹಾ ಇಲ್ಲ." ನಿಯಮ ಹೇಗೋ ನಿಂತುಬಿಟ್ಟಿತ್ತು. ಹೊರಗಿನ ಜಗತ್ತಿನಲ್ಲಿ ಎಂದೂ ಮೊದಲಾಗದವರು ಆ ಕೋಣೆಯಲ್ಲಿ ಮೊದಲಾಗುತ್ತಿದ್ದರು.

ಆ ಭಾನುವಾರದ ಕಂತಿನಲ್ಲಿ ಒಬ್ಬ ಪೊಲೀಸ್ ಅಧಿಕಾರಿಯ ಮೇಲೆ ಕೊಲೆಯ ಅನುಮಾನ. ಗಾಜಿನ ಕೋಣೆಯಲ್ಲಿ ಕೂರಿಸಿ ಕೇಳಿದರು, ಕೇಳಿದರು. ಕೊನೆಗೆ ಅವನ ಫೋನು ಆ ಹೊತ್ತಿನಲ್ಲಿ ಮನೆಯಲ್ಲೇ ಇತ್ತು ಎಂದು ಗೊತ್ತಾಗಿ ಬಿಟ್ಟುಕಳಿಸಿದರು.

ಟೀವಿ ಆರಿತು. ಎಲ್ಲರೂ ಬಾಗಿಲ ಕಡೆ ತಿರುಗಿದರು.

"ನನ್ನದೇನೂ ಇಲ್ಲ," ಎಂದಳು ಗಿಣಿ.

ಅವಳ ಗಂಡ ಅಮಾನತ್ತಾದಂದಿನಿಂದ ಅವಳದು ಇದೊಂದೇ ಮಾತು. ತಪಾಸಣೆ ಗೇಟಿನಲ್ಲಿ ಪೊಲೀಸರು ಹಣ ಕೀಳುತ್ತಾರೆ ಎಂದು ಸಾಕ್ಷಿ ಹೇಳಲು ಹೊರಟಿದ್ದ ಒಬ್ಬ ಲಾರಿ ಚಾಲಕ ಹಳೆಯ ಸೇತುವೆಯ ಕೆಳಗೆ ಹೆಣವಾಗಿ ಸಿಕ್ಕಿದ್ದ. ಆ ಸಂಜೆ ಕಾನ್‌ಸ್ಟೇಬಲನ ಫೋನು ಸೇತುವೆಯ ಹತ್ತಿರವಿತ್ತು. "ಇನ್ಸ್‌ಪೆಕ್ಟರ್ ಸಾಹೇಬರು ಚಾಲಕನನ್ನು ಅಲ್ಲಿಗೆ ಕರ್ಕೊಂಡು ಬಾ ಅಂದ್ರು, ತಂದುಬಿಟ್ಟೆ, ನೀನು ಹೋಗು ಅಂದ್ರು, ಬಂದೆ," ಎನ್ನುತ್ತಿದ್ದ ಅವನು. ಇನ್ಸ್‌ಪೆಕ್ಟರರ ಫೋನು ಮಾತ್ರ ಮನೆ ಬಿಟ್ಟು ಕದಲಿರಲಿಲ್ಲ. ಇನ್ನು ಎಂಟು ದಿನಕ್ಕೆ, ಸೋಮವಾರ, ಕೊನೆಯ ವಿಚಾರಣೆ. ಅದು ಮುಗಿದರೆ ಅವನಿಗೆ ಜೈಲು, ಅವಳಿಗೆ ಬೀದಿ.

ಮುಂದಿನ ಸರದಿ ವೈರ್‌ಲೆಸ್‌ನದು. ಗಂಡ ವೈರ್‌ಲೆಸ್ ಆಪರೇಟರ್. ಆದರೆ ಹೆಸರು ಬಂದದ್ದು ಹೆಂಡತಿಗೆ, ಏಕೆಂದರೆ ಸುದ್ದಿ ಮುಟ್ಟಿಸುವುದರಲ್ಲಿ ಗಂಡನ ಯಂತ್ರ ಅವಳ ಮುಂದೆ ಆಮೆ.

"ನನಗಂತೂ ತಲೆ ಚಿಟ್ಟು ಹಿಡೀತು. ಅಷ್ಟು ಹೊತ್ತು ಕೇಳ್ತಾರೆ, ಒಂದು ಏಟಿಲ್ಲ, ಒಂದು ಬೈಗುಳ ಇಲ್ಲ. ಮಧ್ಯೆ ನೀರು ಬೇಕಾ ಅಂತ ಬೇರೆ! ನಮ್ಮೆಜಮಾನ್ರು ನನ್ನನ್ನ ಒಂದು ಸಲನಾದ್ರೂ ನೀರು ಬೇಕಾ ಅಂತ ಕೇಳಿದಾರಾ? ಕೊನೆಗೆ ಫೋನು ಮನೇಲಿತ್ತು, ಮನೆಗೆ ಹೋಗಪ್ಪ. ಸಪ್ಪೆ!"

ನಗು ಎದ್ದಿತು. ಅದು ಇಳಿಯುವ ಮುಂಚೆಯೇ ಸೂಜಿಯಕ್ಕನ ಸರದಿ ಬಂತು. ನಗುವ ಸಭೆ ಎದುರಿಗಿದ್ದರೆ ಅವಳ ನಾಲಿಗೆಗೆ ಲಗಾಮಿಲ್ಲ.

"ಅಯ್ಯೋ, ಆ ಬಿಳಿಯರಿಗೆ ಬುದ್ಧಿ ಇಲ್ಲ ಕಣ್ರೇ! ಫೋನು ಮನೇಲಿದ್ರೆ ಮನುಷ್ಯ ಮನೇಲಿದಾನೆ ಅಂತಾನಾ? ಹೆಂಡತಿ ಕೈಗೆ ಕೊಟ್ಟು, 'ಆಗಾಗ ಒಂದು ಹಾಡು ಹಾಕ್ತಿರು, ಸುಮ್ನೆ ಬಿದ್ದಿದ್ರೆ ಚೆನ್ನಾಗಿರಲ್ಲ, ಯಾರಾದ್ರೂ ಕರೆದ್ರೆ ಸ್ನಾನಕ್ಕೆ ಹೋಗಿದಾರೆ ಅನ್ನು' ಅಂತ ಹೇಳಿ ಹಿಂದಿನ ಬಾಗಿಲಿಂದ ಹೋಗಿರ್ತಾನೆ. ಆ ಪುಣ್ಯಾತ್ಗಿತ್ತಿ ಹಾಡು ಹಾಕ್ಕೊಂಡು ಕೂತಿರ್ತಾಳೆ. ಅವಳನ್ನ ಒಬ್ಬರಾದ್ರೂ ಕೇಳಿದ್ರಾ?"

ವೈರ್‌ಲೆಸ್ ತೊಡೆ ತಟ್ಟಿ ನಕ್ಕಳು. "ಸೂಜಿಯಕ್ಕನ್ನ ಬ್ರಿಟನ್ನಿಗೆ ಕಳಿಸ್ಬೇಕು!"

ಆಗ ಬಾಗಿಲ ಪಕ್ಕದಲ್ಲಿ ಕುರ್ಚಿಯ ಕುಂಟು ಕಾಲು ಟಕ್ಕೆಂದಿತು. ಗಿಣಿ ತಲೆಯೆತ್ತಿ ನೋಡುತ್ತಿದ್ದಳು. ಸೂಜಿಯಕ್ಕನ ಬಾಯಲ್ಲಿದ್ದ ನಗು ಅಲ್ಲೇ ಒಣಗಿತು.

ಎಲ್ಲರೂ ಫ್ಯಾನಿನ ಕಡೆ ತಿರುಗಿದರು. ಕೊನೆಯ ಮಾತು ದೊಡ್ಡಕ್ಕನದು. ಅವಳು ಕನ್ನಡಕ ತೆಗೆದು ಒರೆಸಿದಳು. "ಇವತ್ತು ನನ್ನ ಅಭಿಪ್ರಾಯ ಇಲ್ಲ," ಎಂದು ಎದ್ದಳು. ಚಹಾ ಹಾಗೇ ಉಳಿಯಿತು.

ಮನೆಗೆ ಬಂದು ಸೂಜಿಯಕ್ಕ ಮಿಷನ್ನಿನ ಮುಂದೆ ಕೂತಳು. ಪೆಡಲ್ಲಿನ ಮೇಲಿಟ್ಟ ಕಾಲು ಒತ್ತಲಿಲ್ಲ.

ಸೀರಿಯಲ್ಲಿನವನು ಹೆಂಡತಿಗೆ ಹೇಳಿದ್ದು ಎಂದು ಆಡಿ ತೋರಿಸಿದ ಮಾತು ಅವಳು ಎಲ್ಲಿಂದಲೋ ಹುಟ್ಟಿಸಿದ್ದಲ್ಲ. ಲಾರಿ ಚಾಲಕ ಸತ್ತ ಸಂಜೆ ಅವಳ ಗಂಡ ಹೇಳಿದ್ದೇ ಅದು, ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ. "ಇಸ್ಪೀಟಿಗೆ ಹೋಗ್ತಿದೀನಿ, ದೊಡ್ಡ ಸಾಹೇಬರಿಗೆ ಗೊತ್ತಾಗಬಾರದು," ಎಂದಿದ್ದ. ಅವಳು ಇಸ್ಪೀಟನ್ನು ನಂಬಿರಲಿಲ್ಲ. ಯಾವಳೋ ಹೆಂಗಸಿದ್ದಾಳೆ ಎಂದುಕೊಂಡಿದ್ದಳು. ಅವನು ಹಿಂದಿರುಗಿದಾಗ ನೀಲಿ ಅಂಗಿಯ ಎದೆಯ ಗುಂಡಿ ಬಟ್ಟೆ ಸಮೇತ ಕಿತ್ತುಹೋಗಿತ್ತು. ಅದನ್ನು ನೋಡಿದ ಮೇಲಂತೂ ಅನುಮಾನ ಗಟ್ಟಿಯಾಗಿತ್ತು. ಯಾರವಳು ಅಷ್ಟು ಆತುರದವಳು?

ವಿಚಾರಣೆಯವರು ಮನೆಗೆ ಬಂದು "ಆ ಸಂಜೆ ಸಾಹೇಬರು ಇಲ್ಲೇ ಇದ್ರಾ ಅಮ್ಮಾ?" ಎಂದಾಗ ಹೌದು ಎಂದಳು. ಗಂಡ ಇನ್ನೊಬ್ಬಳ ಮನೆಗೆ ಹೋಗಿದ್ದ ಎಂದು ಯಾವ ಬಾಯಲ್ಲಿ ಹೇಳುವುದು? ಹೆಂಗಸಿನ ಮನೆಯಲ್ಲಿದ್ದವನು ಸೇತುವೆಯ ಮೇಲೆ ಹೇಗಿರುತ್ತಾನೆ? ಕಾನ್‌ಸ್ಟೇಬಲ್ ಹುಡುಗ ತಪ್ಪಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದಾನೆ ಎಂದೇ ನಂಬಿದ್ದಳು. ಗಂಡನನ್ನು ಎಂದೂ ಕೇಳಲಿಲ್ಲ. ಕೇಳಿದರೆ ಹೌದು ಎಂದುಬಿಟ್ಟಾನು ಎಂಬ ಹೆದರಿಕೆ. ಅಷ್ಟು ತಿಂಗಳೂ ಆ ಕಾಣದ ಹೆಂಗಸಿನ ಜೊತೆ ಒಳಗೊಳಗೇ ಜಗಳವಾಡಿದ್ದಳು. ಅವಳಿಗೆ ಒಂದು ಮುಖ ಕೊಟ್ಟಿದ್ದಳು, ಉದ್ದ ಜಡೆ ಕೊಟ್ಟಿದ್ದಳು, ಒಮ್ಮೆ ಕನಸಿನಲ್ಲಿ ಆ ಜಡೆ ಕತ್ತರಿಸಿಯೂ ಇದ್ದಳು. ಈಗ ನೋಡಿದರೆ ಆ ಇಲ್ಲದ ಹೆಂಗಸೇ ಅವಳ ಮನಸ್ಸಿನಲ್ಲಿ ಗಂಡನ ಪರ ಸಾಕ್ಷಿ ನಿಂತಿದ್ದಳು.

ಹೆಂಗಸಿನ ಚಟದವನು ಫೋನು ಬಚ್ಚಿಡುತ್ತಾನೆ. ಹೆಂಡತಿಯ ಕೈಗೆ ಕೊಟ್ಟು ಹಾಡು ಹಾಕು ಎನ್ನುವುದಿಲ್ಲ. ಇದು ಹೊಳೆಯಲು ತನ್ನದೇ ಬಾಯಿಂದ, ನಾಲ್ಕು ಜನರ ನಗುವಿನ ನಡುವೆ, ಯಾರೋ ಬಿಳಿಯವನ ಕಥೆಯಾಗಿ ಅದನ್ನು ಕೇಳಬೇಕಾಯಿತು.

ಇನ್ನು ಗುಂಡಿ. ಇಡೀ ಬದುಕು ಬಟ್ಟೆಯ ಜೊತೆ ಕಳೆದವಳಿಗೆ ಅದು ಮೊದಲೇ ತಿಳಿಯಬೇಕಿತ್ತು. ಪ್ರೀತಿಯ ಕೈ ಎಷ್ಟೇ ಆತುರದ್ದಾದರೂ ಗುಂಡಿ ಬಿಚ್ಚುತ್ತದೆ. ದಾರ ತುಂಡಾಗಬಹುದು, ಅಷ್ಟೇ. ಬಟ್ಟೆ ಸಮೇತ ಕೀಳುವುದು ಕೆಳಗೆ ಬೀಳುತ್ತಿರುವವನ ಕೈ.

ಅದು ಹೆಂಗಸೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡಳು. ತಾನು ಹೀಗೂ ಬಯಸುವ ದಿನ ಬರುತ್ತದೆಂದು ಅವಳು ಎಣಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಗಿಣಿ ಬಂದಳು. ಕೈಯಲ್ಲಿ ಗಂಡನ ಯೂನಿಫಾರ್ಮಿನ ಪ್ಯಾಂಟು.

"ವಿಚಾರಣೆಗೆ ಹಾಕ್ಕೋಬೇಕಂತೆ ಅಕ್ಕ. ಸೊಂಟದಲ್ಲಿ ನಿಲ್ತಿಲ್ಲ. ಸ್ವಲ್ಪ ಹಿಡಿದುಕೊಡ್ತೀರಾ?"

"ಇಷ್ಟೊಂದು ಇಳಿದುಹೋದನಾ?" ಎಂದಳು ಸೂಜಿಯಕ್ಕ, ಅಳತೆ ಪಟ್ಟಿ ಇಟ್ಟು.

"ಅನ್ನ ಇಳಿಯಲ್ಲ ಅಂತಾರೆ. ನಾನು ಬೈದು ಬೈದು ತಿನ್ನಿಸ್ತೀನಿ." ಗಿಣಿ ನೆಲ ನೋಡುತ್ತ ನಿಂತಳು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು, "ಅಕ್ಕ, ಯಾವ ಹಾಡು?"

"ಯಾವ ಹಾಡೇ?"

"ನಮ್ಮ ಅಡಿಗೆಮನೆ ನಿಮ್ಮ ನಡುಮನೆ ಕೆಳಗೇ ಅಲ್ವಾ. ಅವತ್ತು ಸಂಜೆ ನಿಮ್ಮನೇಲಿ ಒಂದೇ ಹಾಡು ಮತ್ತೆ ಮತ್ತೆ ಬರ್ತಿತ್ತು. 'ಸಾಹೇಬ್ರು ಒಳ್ಳೆ ಖುಷೀಲಿದಾರೆ' ಅಂದ್ಕೊಂಡೆ. ನಿನ್ನೆ ನೀವು ಹೇಳಿದಾಗ ನೆನಪಾಯ್ತು."

ಸೂಜಿಯಕ್ಕ ಬಟ್ಟೆಗೆ ಗುಂಡುಸೂಜಿ ಚುಚ್ಚಲು ಹೋದಳು. ಅದು ಬೆರಳಿಗೆ ಹೋಯಿತು.

"ನಾನು ಏನೂ ಕೇಳ್ತಿಲ್ಲ," ಎಂದಳು ಗಿಣಿ. "ನಿಮ್ಮ ಸಂಸಾರ ನಿಮಗೆ. ನಾನು ನಿಮ್ಮ ಜಾಗದಲ್ಲಿದ್ರೂ ಬಾಯಿ ಬಿಡ್ತಿದ್ನೋ ಇಲ್ವೋ, ಆಣೆ ಮಾಡಿ ಹೇಳಲಾರೆ. ಆದ್ರೆ ನಮ್ಮವರು ಒಂದು ಇರುವೆ ತುಳಿದ್ರೂ ನನಗೆ ಬಂದು ಹೇಳೋ ಜನ ಅಕ್ಕ. ಅಷ್ಟೇ."

ಅವಳು ಹೋದ ಮೇಲೆ ಸೂಜಿಯಕ್ಕ ಕಪಾಟಿನಿಂದ ನೀಲಿ ಅಂಗಿ ತೆಗೆದಳು. ಒಳಗಿನಿಂದ ತಾನೇ ಹಾಕಿದ ತೇಪೆ, ಅದರ ಮೇಲೆ ತನ್ನ ಡಬ್ಬಿಯ ಬೇರೆ ಗುಂಡಿ. ಹೊರಗಿನಿಂದ ನೋಡಿದರೆ ಯಾರಿಗೂ ತಿಳಿಯದಷ್ಟು ಚೆಂದದ ಕೆಲಸ. ಅದನ್ನು ಮಡಿಸಿ ಚೂರು ಬಟ್ಟೆಗಳ ಚೀಲದ ತಳದಲ್ಲಿಟ್ಟಳು. ಏಕೆಂದು ಅವಳಿಗೇ ಸ್ಪಷ್ಟವಿರಲಿಲ್ಲ.

ವಾರದ ಮಧ್ಯದಲ್ಲಿ ಗಂಡ ಹೊಸ ಟೀವಿ ತಂದ. ಗೋಡೆಯ ಅರ್ಧ ಮುಚ್ಚುವಷ್ಟು ದೊಡ್ಡದು. ಕೆಲಸದವರನ್ನು ಕರೆಯದೆ ತಾನೇ ಡ್ರಿಲ್ ಹಿಡಿದು ಗೋಡೆ ಕೊರೆದ. ಸಿಮೆಂಟಿನ ಪುಡಿ ಅವಳು ಹೊಲಿಯುತ್ತಿದ್ದ ಬಟ್ಟೆಯ ಮೇಲೆ ಉದುರಿತು.

"ನಿನಗೇ ತಂದಿದ್ದು," ಎಂದ. "ಆ ಕಬ್ಬಿಣದ ಕುರ್ಚಿ ಮೇಲೆ ಕೂತು ಸೊಂಟ ಯಾಕೆ ನೋಯಿಸ್ಕೋತೀಯ? ಈ ಭಾನುವಾರ ಕೊನೆ ಕಂತಂತೆ. ನಾವಿಬ್ರೇ ನೋಡೋಣ."

"ನಿಮಗೆ ಸೀರಿಯಲ್ ಅಂದ್ರೆ ಆಗಲ್ಲವಲ್ಲ."

"ನಿನ್ನ ಅಭಿಪ್ರಾಯ ಕೇಳೋ ಆಸೆ. ಬಹಳ ಚೆನ್ನಾಗಿ ಹೇಳ್ತೀಯಂತೆ. ದೊಡ್ಡ ಸಾಹೇಬರೇ ಕರೆದು ಹೊಗಳಿದ್ರು." ಅವನು ಏಣಿಯಿಂದ ಇಳಿದು ಕೈ ಒರೆಸಿಕೊಂಡ. ನಗುತ್ತಲೇ ಇದ್ದ. "ಇನ್ನು ಮೇಲೆ ಅದನ್ನ ನನಗೊಬ್ಬನಿಗೇ ಹೇಳು. ಹೆಂಡತಿ ಜಾಣತನ ಊರಿಗೆಲ್ಲ ಯಾಕೆ ಹಂಚೋದು?"

ದೊಡ್ಡಕ್ಕ ಗಂಡನಿಗೆ ಹೇಳಿದ್ದಾಳೆ. ಅವಳ ಗಂಡ ತನ್ನ ಗಂಡನಿಗೆ ಹೇಳಿದ್ದಾನೆ. ಮಾತು ಮೆಟ್ಟಿಲು ಹತ್ತಿ ಇಳಿದು ಮನೆಗೇ ಬಂದಿದೆ. ಸೂಜಿಯಕ್ಕ ತಲೆ ಬಗ್ಗಿಸಿ ಬಟ್ಟೆಯ ಮೇಲಿನ ಪುಡಿ ಕೊಡವಿದಳು.

"ಅಂದ ಹಾಗೆ," ಎಂದ ಅವನು, ಒಳಗೆ ಹೋಗುತ್ತ, "ನನ್ನ ನೀಲಿ ಅಂಗಿ ಎಲ್ಲಿ? ಕಾಣ್ತಿಲ್ಲ."

"ಹಳೇ ಬಟ್ಟೆ ಜೊತೆ ಕೊಟ್ಟುಬಿಟ್ಟೆ."

ಕೋಣೆಯೊಳಗೆ ಕಪಾಟಿನ ಬಾಗಿಲುಗಳು ಒಂದೊಂದಾಗಿ ತೆರೆಯುವ, ಮುಚ್ಚುವ ಸದ್ದು ಕೇಳಿತು. ಬಹಳ ನಿಧಾನವಾಗಿ. ಆಮೇಲೆ ಅವನು ಬಂದು ಅವಳ ಭುಜದ ಮೇಲೆ ಕೈಯಿಟ್ಟ.

"ಒಳ್ಳೇದು ಮಾಡಿದೆ," ಎಂದ. ಕೈ ತೆಗೆಯಲಿಲ್ಲ. ಅವಳ ಕಾಲು ಪೆಡಲ್ ಒತ್ತುತ್ತಲೇ ಇತ್ತು. ದಾರ ಮುಗಿದು ಎಷ್ಟೋ ಹೊತ್ತಾಗಿತ್ತು. ಸೂಜಿ ಬರೀ ತೂತು ಕೊರೆಯುತ್ತಿತ್ತು.

ಉಳಿದ ದಿನಗಳಲ್ಲಿ ಅವನು ಎಂದೂ ಇಲ್ಲದಷ್ಟು ಒಳ್ಳೆಯವನಾದ. ಊಟಕ್ಕೆ ಹೊತ್ತಿಗೆ ಸರಿಯಾಗಿ ಬಂದ, ಅವಳ ತಟ್ಟೆಗೆ ತಾನೇ ಬಡಿಸಿದ. ಅವಳು ಅಂಗಳಕ್ಕಿಳಿದರೆ ಕಿಟಕಿಯಲ್ಲಿ ನಿಂತಿರುತ್ತಿದ್ದ. ಇಷ್ಟು ವರ್ಷ ಅವಳು ಬಯಸಿದ ಗಮನ ಇದೇ. ಸಿಕ್ಕಾಗ ಅದು ಹೀಗಿತ್ತು. ರಾತ್ರಿ ಪಕ್ಕದಲ್ಲಿ ಮಲಗಿದವನ ಉಸಿರು ಕೇಳುತ್ತ, ಈ ಉಸಿರು ನಿದ್ದೆಯದೋ ಎಚ್ಚರದ್ದೋ ಎಂದು ತೂಗುತ್ತಿದ್ದಳು. ಸುಮ್ಮನಿದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಟೀವಿ ದೊಡ್ಡದಾಗುತ್ತ ಹೋಗುತ್ತದೆ. ಕೆಳಗಿನ ಅಡಿಗೆಮನೆಗೆ ಬೇರೆ ಯಾರೋ ಬರುತ್ತಾರೆ. ತಾನು ಒಂದು ಮಾತು ಹೆಚ್ಚು ಆಡಿದ ದಿನ ಅವನು ಮತ್ತೆ ಫೋನನ್ನು ಮನೆಯಲ್ಲಿಟ್ಟು ಹೊರಡುತ್ತಾನೆ. ಆಗ ಹಾಡು ಹಾಕಲು ತಾನಿರುವುದಿಲ್ಲ, ಅಷ್ಟೇ ವ್ಯತ್ಯಾಸ.

ಯಾರ ಹತ್ತಿರ ಹೇಳುವುದು? ಠಾಣೆ ಅವನದು. ಅದರ ಮೇಲಿನದು ದೊಡ್ಡ ಸಾಹೇಬರದು. ವಿಚಾರಣೆಯವರಿಗೇ ಹೇಳೋಣವೆಂದರೆ, ಸೋಮವಾರ ಅವರ ಬಾಗಿಲು ಮುಟ್ಟುವವರೆಗೆ ಇವನು ಅವಳನ್ನು ಬಿಡಬೇಕಲ್ಲ. ಗಿಣಿಗೆ ಹೇಳಿದರೆ ಆರೋಪಿಯ ಹೆಂಡತಿಯ ಮಾತು ಎಂದು ತಳ್ಳಿಹಾಕುತ್ತಾರೆ. ಬಾಗಿಲು ಮುಚ್ಚಿ ಆಡಿದ ಮಾತನ್ನು ಬಾಗಿಲ ಹಿಂದೆಯೇ ಹೂಳಬಹುದು. ಹೂಳಲು ಬಾರದ ಮಾತು ಯಾವುದು ಎಂದು ಯೋಚಿಸುತ್ತ ಅವಳು ಒಂದು ಬೆಳಿಗ್ಗೆ, ಇಷ್ಟೆಲ್ಲದರ ನಡುವೆ, ಒಬ್ಬಳೇ ನಕ್ಕುಬಿಟ್ಟಳು.

ಭಾನುವಾರ ಊಟವಾಯಿತು. ಗಂಡ ಸೋಫಾದಲ್ಲಿ ಕೂತು ರಿಮೋಟ್ ಹಿಡಿದು ಚಾನೆಲ್ ಹುಡುಕುತ್ತಿದ್ದ.

"ಕೆಳಗಿನವಳ ಗಂಡನ ಪ್ಯಾಂಟು ಕೊಟ್ಟು ಬರ್ತೀನಿ," ಎಂದಳು. "ನಾಳೆಗೆ ಬೇಕಂತೆ."

ಅವನು ಅವಳನ್ನೇ ನೋಡಿದ. "ಕೊಟ್ಟು ಬಾ. ಪಾಪ, ನಾಳೆ ನೀಟಾಗಿ ಕಾಣಲಿ. ಶುರುವಾಗೋದ್ರೊಳಗೆ ಬಂದುಬಿಡು."

ಅವಳು ಚೀಲ ಎತ್ತಿಕೊಂಡು ಮೆಟ್ಟಿಲಿಳಿದಳು. ಗಿಣಿಯ ಬಾಗಿಲು ತಟ್ಟಿ ಪ್ಯಾಂಟು ಕೊಟ್ಟಳು.

"ನೀನು ಯಾಕೆ ಇನ್ನೂ ಕೆಳಗೆ ಹೋಗಿಲ್ಲ?"

"ಬರೋದು ಬೇಡ ಅಂತ ಹೇಳಿಕಳಿಸಿದ್ರು ಅಕ್ಕ. ಅಮಾನತ್ತಾದವರಿಗೆ ಕುರ್ಚಿ ಇಲ್ವಂತೆ."

ಸೂಜಿಯಕ್ಕ ಇನ್ನೂ ಕೆಳಗಿಳಿದಳು. ಕೋಣೆಯಲ್ಲಿ ಎಲ್ಲರೂ ಕೂತಾಗಿತ್ತು. ಅವಳನ್ನು ಕಂಡು ವೈರ್‌ಲೆಸ್ ಕಣ್ಣರಳಿಸಿದಳು. "ಏನಕ್ಕಾ, ಮನೇಲಿ ಸಿನಿಮಾ ಟಾಕೀಸೇ ಬಂದಿದೆಯಂತೆ, ಇಲ್ಲಿಗ್ಯಾಕೆ ಬಂದ್ರಿ?"

ಅವಳು ತನ್ನ ಕುರ್ಚಿಗೆ ಹೋಗಲಿಲ್ಲ. ಬಾಗಿಲ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತಳು. ಕುಂಟು ಕಾಲು ಟಕ್ಕೆಂದಿತು.

ಫ್ಯಾನಿನ ಕೆಳಗಿನಿಂದ ದೊಡ್ಡಕ್ಕ ಹೇಳಿದಳು, "ಅದು ನಿನ್ನ ಕುರ್ಚಿ ಅಲ್ಲ."

"ಖಾಲಿ ಇದೆಯಲ್ಲ ಅಕ್ಕ. ಇಲ್ಲಿ ಕೂತವರು ಮೊದಲು ಮಾತಾಡಬೇಕು, ಮಧ್ಯೆ ಯಾರೂ ಬಾಯಿ ಹಾಕಬಾರದು. ನಿಯಮ ನಿಮ್ಮದೇ."

"ಮಾತು ಕಂತು ಮುಗಿದ ಮೇಲೆ."

"ನನ್ನ ಕಂತು ಮುಗಿದಿದೆ."

ಗೋಡೆಯ ಟೀವಿಯಲ್ಲಿ ಸೀರಿಯಲ್ಲಿನ ಶುರುವಿನ ಸಂಗೀತ ಬಂತು. ಮೇಲಿನಿಂದಲೂ ಅದೇ ಸಂಗೀತ, ಇನ್ನೂ ಜೋರಾಗಿ. ಅವಳ ಮನೆಯ ಹೊಸ ಟೀವಿ. ದೊಡ್ಡಕ್ಕ ಮೇಲೆ ನೋಡಿದಳು. ಆ ಮುಖದಲ್ಲಿ ಏನಿತ್ತು ಎಂದು ಸೂಜಿಯಕ್ಕನಿಗೆ ತಿಳಿಯಲಿಲ್ಲ. ಸಿಟ್ಟೋ, ಹೆದರಿಕೆಯೋ, ತನ್ನ ಮನೆಯ ಕಪಾಟಿನಲ್ಲೂ ಇರಬಹುದಾದ ಯಾವುದೋ ಅಂಗಿಯ ನೆನಪೋ. ಆಮೇಲೆ ಅವಳು ರಿಮೋಟ್ ಎತ್ತಿ ಕೋಣೆಯ ಟೀವಿಯ ದನಿ ಅಡಗಿಸಿದಳು.

ಸೂಜಿಯಕ್ಕ ಚೀಲದ ತಳದಿಂದ ನೀಲಿ ಅಂಗಿ ತೆಗೆದು ತೊಡೆಯ ಮೇಲೆ ಹಾಸಿದಳು. ತಿರುಗಿ ಕೂತದ್ದು ದೊಡ್ಡಕ್ಕನ ಕಡೆಗಲ್ಲ, ವೈರ್‌ಲೆಸ್‌ನ ಕಡೆಗೆ. ಅವಳ ಕಿವಿಗೆ ಬಿದ್ದ ಮಾತನ್ನು ಯಾವ ಸಾಹೇಬನೂ ವಾಪಸು ತರಿಸಲಾರ. ಸಂಜೆಯೊಳಗೆ ಅದು ಪ್ರತಿ ಮನೆಯ ಒಲೆ ಮುಂದೆ ಕೂತಿರುತ್ತದೆ. ನಾಳೆ ಬೆಳಿಗ್ಗೆ ವಿಚಾರಣೆಯ ಕೋಣೆಗೆ ಎಲ್ಲರಿಗಿಂತ ಮುಂಚೆ ಹೋಗಿರುತ್ತದೆ. ಹೇಳಿದವಳು ಆಗ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

"ಸರಿಯಾಗಿ ಕೇಳಿಸ್ಕೋ ಕಣೇ," ಎಂದಳು. "ಒಂದು ಮಾತೂ ಬಿಡಬೇಡ. ಆ ಲಾರಿಯವನು ಸತ್ತ ಸಂಜೆ ನಮ್ಮೆಜಮಾನ್ರು ಮನೇಲಿರಲಿಲ್ಲ. ವಿಚಾರಣೆಯವರಿಗೆ ಇದ್ರು ಅಂತ ಸುಳ್ಳು ಹೇಳಿದವಳು ನಾನು. ಫೋನು ನನ್ನ ಕೈಯಲ್ಲಿತ್ತು."

ವೈರ್‌ಲೆಸ್‌ನ ಕುರ್ಚಿ ಅವಳ ಹತ್ತಿರಕ್ಕೆ ಜರುಗಿತು.

ಮೇಲೆ ಸಂಗೀತ ಪಕ್ಕನೆ ನಿಂತಿತು.

ಬಾಗಿಲು ತೆರೆದ ಸದ್ದು. ಆಮೇಲೆ ಅವರ ತಲೆಯ ಮೇಲಿನ ಮೆಟ್ಟಿಲುಗಳಲ್ಲಿ ಹೆಜ್ಜೆ. ಅವಸರವಿಲ್ಲದ, ಒಂದೊಂದೇ ಹೆಜ್ಜೆ. ಹೆಂಗಸರೆಲ್ಲ ಕತ್ತೆತ್ತಿ ಸೂರು ನೋಡಿದರು. ಸೂಜಿಯಕ್ಕ ಮಾತ್ರ ನೋಡಲಿಲ್ಲ. ಅಂಗಿಯನ್ನು ಒಳಮಗ್ಗುಲು ಹೊರಗಾಗಿ ತಿರುಗಿಸಿ, ತೇಪೆಯ ಮೇಲೆ ಬೆರಳಿಟ್ಟು, ದನಿ ಇನ್ನಷ್ಟು ಎತ್ತರಿಸಿದಳು.

"ಇದು ನೋಡು, ಇಲ್ಲಿ ಗುಂಡಿ ಇತ್ತು..."